ಮಾಲೀಕರೇ ಬರಬೇಕು

ಕಳೆದ ವಾರ ಬಾಡಿಗೆ ಮನೆಗೆ ಇನ್ನೊಂದು ಕೀ ಮಾಡಿಸಲು ಹೋಗಿದ್ದೆ. ಯಂತ್ರ ಹಿತ್ತಾಳೆ ಕೊರೆಯುತ್ತಿದ್ದಂತೆ ಬಿಸಿ ಲೋಹದ ವಾಸನೆ ಮೂಗಿಗೆ ಬಡಿಯಿತು. ಯಾರ ಮನೆಯ ಕೀ ಎಂದು ಅಂಗಡಿಯವನು ಕೇಳಲಿಲ್ಲ. ಕೇಳುತ್ತಿದ್ದವರು ಒಬ್ಬರಿದ್ದರು...

ಉದಯಗಿರಿಯಲ್ಲಿ ನಮ್ಮ ವಠಾರದ ಎದುರಿನ ಫುಟ್‌ಪಾತಿನಲ್ಲಿ ಅರ ಹಿಡಿದು ಕೂರುತ್ತಿದ್ದ ಬೀಗದ ಮುದುಕರು. ಬೀಗದ ಮಾಲೀಕರೇ ಖುದ್ದಾಗಿ ಬರಬೇಕು, ಕೆಲಸ ಮುಗಿಯುವ ತನಕ ಎದುರಿಗೇ ನಿಂತಿರಬೇಕು. ಇಲ್ಲವಾದರೆ ಕೀ ಮುಟ್ಟುತ್ತಿರಲಿಲ್ಲ. ಗಂಡ ತಂದ ಕೀಗೆ ಹೆಂಡತಿಯನ್ನು ಕರೆಸಿದ್ದೂ ಉಂಟು. ಮನುಷ್ಯಜಾತಿಯೆಂದರೇ ಅವರಿಗೆ ಹೇಸಿಗೆ. ನಾಯಿಗೆ ಬೀಗ ಬೇಕಿಲ್ಲ, ಕಾಗೆಗೆ ಬೇಕಿಲ್ಲ, ನಮಗೆ ಮಾತ್ರ ಯಾಕೆ ಬೇಕು ಹೇಳು ಎಂದು ಕೆಣಕುತ್ತಿದ್ದರು.

ನಾನಾಗ ಕಾಲೇಜಿನ ಚರ್ಚಾಪಟು, ಬಿಡುವ ಆಸಾಮಿಯಲ್ಲ. ನಾಲ್ಕು ಜನ ಕಳ್ಳರನ್ನು ಕಂಡು ಇಡೀ ಕುಲವನ್ನು ದೂರುವುದು ಯಾವ ತರ್ಕ? ಬೀಗದವರ ಹತ್ತಿರ ಬರುವವರೆಲ್ಲ ಹೆದರಿದವರೇ. ಹೆದರದವರು ನಿಮ್ಮ ಕಣ್ಣಿಗೆ ಬೀಳುವುದಾದರೂ ಎಲ್ಲಿ ಎಂದು ವಾದಿಸಿದೆ. ಅವರು ನಕ್ಕು ನನ್ನನ್ನು ಲಾಯರಪ್ಪ ಎನ್ನತೊಡಗಿದರು. ತಿಂಗಳುಗಟ್ಟಲೆ ನಡೆಯಿತು ಈ ಜಗಳ.

ನಮ್ಮ ಚರ್ಚಾತಂಡಕ್ಕೆ ಅಭ್ಯಾಸ ಮಾಡಲು ಜಾಗ ಬೇಕಿತ್ತು. ವಠಾರದ ಮಾಲೀಕರು ಹಳೇ ಪಾತ್ರೆ ತುಂಬಿಟ್ಟಿದ್ದ ತಾರಸಿ ಕೋಣೆಯನ್ನು ಕೇಳಿದರೆ ಕೊಡಲಿಲ್ಲ. ಅವರ ಮನೆಯ ಮೊಳೆಯಿಂದ ಕೀ ಎಗರಿಸಿ ತಂದು, ಮಾಲೀಕರೇ ಕಳಿಸಿದ್ದಾರೆ ಎಂದು ಮುದುಕರ ಮುಂದಿಟ್ಟೆ. ಅವರು ಕೀಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಅರ ಕೈಗೆತ್ತಿಕೊಂಡರು.

"ಆಯ್ತು ಬುಡು ಲಾಯರಪ್ಪ. ಈ ಸಲ ನೀನೇ ಗೆದ್ದೆ."

ಹದಿನೈದು ದಿನ ಕಳೆದಿರಬೇಕು, ಆ ಕೋಣೆಯ ಹಿತ್ತಾಳೆ ಹಂಡೆ ಕಾಣೆಯಾಯಿತು. ಬೀಗ ಒಡೆದಿರಲಿಲ್ಲ. ಬೀದಿಗೆ ಕೀ ಮಾಡುವವರು ಒಬ್ಬರೇ, ಇನ್ನೇನು ಬೇಕು? ಮಾಲೀಕರು ಜನ ಕಟ್ಟಿಕೊಂಡು ಬಂದು ಮುದುಕರ ಪೆಟ್ಟಿಗೆಯನ್ನು ಚರಂಡಿಗೆ ಮಗುಚಿದರು. ವರ್ಷಗಟ್ಟಲೆ ಅವರ ಕೈಯಲ್ಲೇ ಕೀ ಮಾಡಿಸಿಕೊಂಡಿದ್ದವರು ಅರ, ಸುತ್ತಿಗೆಗಳನ್ನು ಕಾಲಲ್ಲಿ ಒದ್ದು ಹಲ್ಲು ಕಿಸಿದರು. ಥೂ... ಯಾರಿಗೆ ಕೀ ಮಾಡಿಕೊಟ್ಟೆ ಎಂದು ಮಾಲೀಕರು ಕೊರಳಪಟ್ಟಿ ಹಿಡಿದು ಕೇಳಿದರು. ನಾನು ಆ ಗುಂಪಿನಲ್ಲೇ ನಿಂತಿದ್ದೆ.

"ವಯಸ್ಸಾಯ್ತು ಕಣ್ರೀ... ಗ್ಯಾಪ್ಕ ಇಲ್ಲ," ಎಂದರು, ನನ್ನ ಕಡೆ ನೋಡದೆ.

ಯಾವ ವಿಷಯ ಕೊಟ್ಟರೂ ನಿಂತ ಕಾಲಲ್ಲಿ ಐದು ನಿಮಿಷ ಮಾತಾಡಬಲ್ಲ ನಾನು, ಬಾಯಿ ತೆರೆಯಲಿಲ್ಲ.

ಮರುದಿನದಿಂದ ಅವರು ಅಲ್ಲಿ ಕೂರಲಿಲ್ಲ. ಹಂಡೆಯನ್ನು ಮಾಲೀಕರ ಹೆಂಡತಿಯೇ ಹಿನಕಲ್ಲಿನ ಮಗಳ ಮನೆಗೆ ಕಳಿಸಿದ್ದರಂತೆ. ಅದು ಗೊತ್ತಾದಾಗ ಬೀದಿಯವರು ನಕ್ಕು ಸುಮ್ಮನಾದರು. ಕ್ಷಮೆ ಕೇಳಲು ಒಬ್ಬರೂ ಮುದುಕರನ್ನು ಹುಡುಕಿ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಮೊನ್ನೆ ಉದಯಗಿರಿಗೆ ಹೋದೆ. ಮುದುಕರು ತೀರಿಕೊಂಡು ಎರಡು ವರ್ಷವಾಯಿತು ಎಂದು ಈಗ ಆ ಜಾಗದಲ್ಲಿ ಹೂ ಮಾರುವಾಕೆ ಹೇಳಿದರು. ಮನುಷ್ಯರನ್ನು ನಂಬಬಾರದೆಂಬ ಅವರ ವಾದಕ್ಕೆ ನಾನೇ ಸಾಕ್ಷಿ. ಆ ವಾದವನ್ನು ಮುರಿಯಲು ನನಗೆ ಸಿಕ್ಕಿರುವ ಒಂದೇ ಉದಾಹರಣೆ ಅವರು... ಅದನ್ನು ಮುಂದಿಟ್ಟು ಜಗಳವಾಡೋಣವೆಂದರೆ ಅವರಿಲ್ಲ.

"ನೀವು ಅವ್ರಿಗೆ ಏನಾಗ್ಬೇಕು?" ಎಂದು ಆಕೆ ಕೇಳಿದರು.

ಗಿರಾಕಿ ಎಂದೆ. ಆಕೆ ನಂಬಿದರು.