ಹಿತ್ತಲ ಗೋಡೆಗೆ ಅಡ್ಡವಾಗಿ ಎಳೆದ ಗೆರೆ

ವೈನಿ, ಮಂಗಲಾ ನನಗೆ ಏನನ್ನೂ ಹೇಳಿರಲಿಲ್ಲ. ಹೇಳಿದಳು ಎಂದು ಅವತ್ತು ಫೋನಿನಲ್ಲಿ ನಿಮಗೆ ನಾನಂದದ್ದು ಸುಳ್ಳು — ಶುದ್ಧ ಸುಳ್ಳು. ಆ ಮಾತನ್ನು ನಂಬಿ ನೀವು ಇಷ್ಟು ವರ್ಷ ಜೀವದ ಗೆಳತಿಯ ಮುಖ ನೋಡದೆ ಕಳೆದಿರಿ. ನಾನು ಪಕ್ಕದಲ್ಲೇ ಕೂತು ನಿಮ್ಮ ಕೈಯ ಊಟ ಉಂಡು ಬರುತ್ತಿದ್ದೆ.

ಬಾವಿ ನೀರಿನ ಪಾಳಿಗಾಗಿ ಅಪ್ಪನೂ ಕಾಕಾನೂ ಮಾತು ಬಿಟ್ಟದ್ದು ನೀವು ಅಣ್ಣನ ಕೈ ಹಿಡಿದು ಐಗಳಿ ಊರಿಗೆ ಸೊಸೆಯಾಗಿ ಬರುವ ಮೊದಲಿನ ಕಥೆ. ಅಪ್ಪ ಹೋದ ಮೇಲೂ ಅಣ್ಣ ಆ ಹಟ ಬಿಡಲಿಲ್ಲ. ಓಣಿಯವರೂ ಎರಡು ಪಾಲಾದರು: ಅರ್ಧ ನಮ್ಮ ಕಡೆ, ಅರ್ಧ ಕಾಕಾನ ಕಡೆ. ನಮ್ಮ ಓಣಿಯಲ್ಲಿ ಎರಡು ಮನೆ ಮುನಿಸಿಕೊಂಡರೆ ಮೊದಲು ನಿಲ್ಲುವುದು ಹೆಪ್ಪು. ಹಾಲಿಗೆ ಹಾಕಲು ಒಂದು ಚಮಚ ಮೊಸರು ಬೇಕಾದಾಗ ಯಾರ ಬಾಗಿಲಿಗೆ ಬಟ್ಟಲು ಹಿಡಿದು ಹೋಗುತ್ತೇವೆ ಎನ್ನುವುದರ ಮೇಲೇ ಯಾರು ಯಾರವರೆಂದು ತಿಳಿಯುತ್ತಿತ್ತು.

ಇದರಲ್ಲೇ ನನ್ನ ಸಂಶೋಧನೆ ಇದೆ ಎಂದು ಹೊಳೆದದ್ದು ಚಿಕ್ಕೋಡಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಾಗ. ಜಾಲವಿಜ್ಞಾನವೆಂಬ ಹೊಸ ಶಾಸ್ತ್ರದ ಹುಚ್ಚು ಹಿಡಿದಿತ್ತು ನನಗೆ — ಮನೆಗಳನ್ನು ಚುಕ್ಕೆ ಮಾಡಿ, ನಂಟನ್ನು ಗೆರೆ ಮಾಡಿ ಲೆಕ್ಕ ಹಾಕುವ ಶಾಸ್ತ್ರ. ಗಣಿತದವರು, ಸಮಾಜಶಾಸ್ತ್ರದವರು, ರೋಗ ಹೇಗೆ ಹರಡುತ್ತದೆಂದು ನೋಡುವ ಡಾಕ್ಟರರು, ಎಲ್ಲರೂ ವರ್ಷಕ್ಕೊಮ್ಮೆ ಒಂದು ಊರಿನಲ್ಲಿ ಸಮ್ಮೇಳನ ಸೇರುತ್ತಾರೆ. ಆ ವರ್ಷ ಪುಣೆಯಲ್ಲಿತ್ತು. ಅಲ್ಲಿ ನನ್ನ ಭಿತ್ತಿಪತ್ರ ತೂಗಬೇಕು, ದೊಡ್ಡವರು ನಿಂತು ನೋಡಬೇಕು — ಅಷ್ಟೇ ತಲೆಯಲ್ಲಿ.

ಮದುವೆಯಾಗಿ ಹೊರಗೆ ಹೋದ ಮಗಳು ನಾನು, ಗಂಡಸರ ಜಗಳ ನನಗೆ ಅಂಟಿರಲಿಲ್ಲ. ಎರಡೂ ಕಡೆಯ ಮನೆಗಳಿಗೆ ಹೋಗಿ ಕೇಳಿದೆ: ಹೆಪ್ಪು ತೀರಿದರೆ ಯಾರಲ್ಲಿಗೆ ಹೋಗುತ್ತೀರಿ? ಕಾಕಾನ ಸೊಸೆ ಮಂಗಲಾ ತನ್ನ ಕಡೆಯದೇ ಒಂದು ಮನೆಯ ಹೆಸರು ಹೇಳಿದಳು. ನೀವೋ, "ನಮ್ಮ ಮನ್ಯಾಗ ಹೆಪ್ಪು ಎಂದೂ ತೀರಂಗಿಲ್ಲ ಬೇ" ಎಂದು ನಕ್ಕಿರಿ. ಚಿತ್ರ ಬರೆದರೆ ಓಣಿ ಎರಡು ತುಂಡು. ಒಂದರಿಂದ ಇನ್ನೊಂದಕ್ಕೆ ಒಂದು ಗೆರೆಯೂ ಇಲ್ಲ.

ಆಮೇಲೆ ಆ ಮುಂಜಾನೆ — ಹಲ್ಲುಜ್ಜಲು ಹಿತ್ತಲಿಗೆ ಬಂದವಳು ನೋಡಿಬಿಟ್ಟೆ. ನಮಗೂ ಕಾಕಾನ ಮನೆಗೂ ನಡುವಿನ ಗೋಡೆಯ ಸಡಿಲಾದ ಕಲ್ಲು ತೆಗೆದು ಆ ಕಿಂಡಿಯಲ್ಲಿ ನೀವು ಹೆಪ್ಪಿನ ಬಟ್ಟಲು ದಾಟಿಸುತ್ತಿದ್ದಿರಿ. ಆಚೆಯಿಂದ ಬಳೆ ತೊಟ್ಟ ಕೈ ಅದನ್ನು ತೆಗೆದುಕೊಂಡಿತು. ತವರೂರು ಶೇಡಬಾಳದ ಒಂದೇ ಓಣಿಯಲ್ಲಿ ಕೂಡಿ ಆಡಿ ಬೆಳೆದವರು ನೀವೂ ಮಂಗಲಾನೂ, ಈ ಜಗಳದ ಎರಡು ಮನೆಗಳಿಗೆ ಸೊಸೆಯರಾಗಿ ಬಂದಿರಿ. ಹೆಪ್ಪು ಇಬ್ಬರ ಮನೆಯಲ್ಲೂ ಇತ್ತು. ಬೇಕಾದದ್ದು ಆ ಕಿಂಡಿಯ ಎರಡು ಮಾತು.

ನನ್ನನ್ನು ಕಂಡು ಗಡಬಡಿಸಿ ಕಲ್ಲನ್ನು ಕಿಂಡಿಗೆ ಸೇರಿಸಿದಿರಿ. "ನೋಡಿದ್ದು ನೋಡಿದಿ ಸುಮಾ, ಇಲ್ಲೇ ಬಿಟ್ಟು ಹೋಗು. ನಂದಂತ ಈ ಮನ್ಯಾಗ ಇದೊಂದ ಐತಿ."

"ನಿಮ್ಮಾಣಿ ವೈನಿ, ಯಾರಿಗೂ ಹೇಳಂಗಿಲ್ಲ" ಅಂದೆ. ಆಗ ಮನಸಾರೆ ಅಂದೆ — ಅಷ್ಟನ್ನಾದರೂ ನಂಬಿ.

ಆದರೆ ನಿಮ್ಮಿಬ್ಬರ ನಡುವಿನ ಆ ಗೆರೆ ತಲೆ ಬಿಡಲಿಲ್ಲ. ಇಡೀ ಓಣಿಯನ್ನು ಒಂದಾಗಿ ಹಿಡಿದದ್ದು ಅದೊಂದೇ ಗೆರೆ! ನಮ್ಮ ಶಾಸ್ತ್ರದಲ್ಲಿ ಅಂಥದ್ದನ್ನು ಸೇತುವೆ ಎನ್ನುತ್ತಾರೆ. ಅದಿಲ್ಲದಿದ್ದರೆ ನನ್ನ ಚಿತ್ರ ಎಲ್ಲರಿಗೂ ಗೊತ್ತಿದ್ದ ಜಗಳದ ಚಿತ್ರ, ಅದಿದ್ದರೆ ಬಹುಮಾನದ ಚಿತ್ರ. ಹೆಸರು ಹಾಕುವುದಿಲ್ಲವಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಕೆಂಪು ಬಣ್ಣದಲ್ಲಿ ಎಳೆದೆ.

ಪುಣೆಯಲ್ಲಿ ಚಪ್ಪಾಳೆ ಬಿತ್ತು, ಬಹುಮಾನ ಬಂತು, ನನಗೆ ಕೋಡು ಮೂಡಿತು. ಊರಿಗೆ ಬಂದವಳೇ ಪೇಪರಿನವನಿಗೆ ಫೋಟೋ ಕೊಟ್ಟೆ, ನಾನಾಗಿಯೇ. ಭಿತ್ತಿಪತ್ರದ ಪಕ್ಕ ನಿಂತು ಕೆಂಪು ಗೆರೆಯ ಮೇಲೆ ಬೆರಳಿಟ್ಟ ಫೋಟೋ. ಚುಕ್ಕೆಗಳನ್ನು ಹೇಗೆ ಬೇಕಾದರೂ ಚೆಲ್ಲಬಹುದಿತ್ತು. ನಾನು ಮಾತ್ರ ಓಣಿಯ ಮಗಳ ಜಂಬದಲ್ಲಿ ಪ್ರತಿ ಮನೆಯನ್ನೂ ಅದರದರ ಜಾಗದಲ್ಲೇ ಇಟ್ಟಿದ್ದೆ. ಇಲ್ಲಿ ಮಾರುತಿ ಗುಡಿ, ಇಲ್ಲಿ ತಿರುವು, ಇಲ್ಲಿ ನಾವು, ನಮ್ಮ ಬೆನ್ನಿಗೆ ಕಾಕಾ.

ಗುಡಿಯ ಕಟ್ಟೆಯ ಮೇಲೆ ಪೇಪರು ಓದುವವರಿಗೆ ಇನ್ನೇನು ಬೇಕು? ತಮ್ಮ ತಮ್ಮ ಮನೆ ಹುಡುಕಿಕೊಂಡರು, ಆಮೇಲೆ ಕೆಂಪು ಗೆರೆ ಎಲ್ಲಿಂದ ಎಲ್ಲಿಗೆ ಎಂದು ನೋಡಿದರು. ಅವತ್ತೇ ಕಾಕಾ ಗೌಂಡಿಯನ್ನು ಕರೆಸಿ ಕಿಂಡಿ ಮುಚ್ಚಿಸಿದ. ಮಂಗಲಾಗೆ ಮನೆಯವರೆಲ್ಲ ಸೇರಿ ಬೈದರು. ಅಣ್ಣ ನಿಮ್ಮ ಕೈಯಿಂದ ನೀರು ಇಸಿದುಕೊಳ್ಳುವುದನ್ನೂ ಬಿಟ್ಟ.

ನೀವು ಫೋನು ಮಾಡಿ ಒಂದೇ ಮಾತು ಕೇಳಿದಿರಿ. "ಸುಮಾ, ಆ ಗೆರಿ ನೀನಾಗೇ ಹಾಕಿದೇನು?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾಲ್ಕು ದಿನ ನನ್ನನ್ನು ಬೈಯುತ್ತಿದ್ದಿರಿ. ಆದರೆ ನಿಮ್ಮ ಕಣ್ಣಿನಲ್ಲಿ ಆಣೆ ಮುರಿದವಳಾಗುವ ಧೈರ್ಯ... ಇರಲಿಲ್ಲ. "ನಾನಾಗೇ ಯಾಕ ಹಾಕ್ಲಿ ವೈನಿ? ಮಂಗಲಾನ ಹೇಳಿದ್ಲು. ಹಾಕಿದ್ರ ಏನಾತು ಅಂದ್ಲು. ನಿಮಗೂ ಗೊತ್ತಿರಬೇಕು ಅನ್ಕೊಂಡೆ."

"ಮಂಗಲಾ ಹೇಳಿದ್ಲಾ?" ಅಂದಿರಿ. ನಿಮ್ಮ ಅಡುಗೆಮನೆಯ ಕುಕ್ಕರ್ ಕೂಗುವುದು ಕೇಳುತ್ತಿತ್ತು, ನೀವು ಎದ್ದು ಹೋಗಿ ಒಲೆ ಆರಿಸಲಿಲ್ಲ.

ಆಮೇಲೆ ಶೇಡಬಾಳದ ಒಂದು ಮದುವೆಯಲ್ಲಿ ಊಟದ ಪಂಕ್ತಿಯಿಂದೆದ್ದು ಮಂಗಲಾ "ಶಾರೀ" ಎಂದು ನಿಮ್ಮನ್ನು ಕರೆದಳಲ್ಲ — ನೀವು ಸೆರಗು ಎಳೆದುಕೊಂಡು ದಾಟಿ ಹೋದಿರಿ. ಗೋಡೆ ಇರದ ಜಾಗ, ಅಣ್ಣ ಬಂದಿರಲಿಲ್ಲ, ಕಾಕಾ ಬಂದಿರಲಿಲ್ಲ. ನಿಮ್ಮ ಪಕ್ಕದಲ್ಲಿದ್ದವಳು ನಾನು. ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ಆ ವರ್ಷವೂ ಸಮ್ಮೇಳನಕ್ಕೆ ಹೋಗಿ ಅದೇ ಕೆಂಪು ಗೆರೆ ತೋರಿಸಿ, ಇದೊಂದು ಹರಿದರೆ ಓಣಿ ಹೇಗೆ ಒಡೆಯುತ್ತದೆ ನೋಡಿ ಎಂದು ವಿವರಿಸಿ ಬಂದೆ. ಹರಿದಾಗಿದೆ ಎಂದು ಯಾರಿಗೂ ಹೇಳಲಿಲ್ಲ.

ಮೊನ್ನೆ ಮಂಗಲಾಳ ಮನೆಗೆ ಹೋಗಿದ್ದೆ. ಒಣದ್ರಾಕ್ಷಿ ಆರಿಸುತ್ತ ಕೂತಿದ್ದಳು. ಎಲ್ಲ ಹೇಳಿದೆ. ಗಂಡನ ಅಂಜಿಕೆಗೆ ಶಾರಿ ಮಾತಾಡಿಸುತ್ತಿಲ್ಲ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳಂತೆ. ಹಾಗೆಂದುಕೊಂಡೇ ಸಮಾಧಾನದಿಂದಿದ್ದಳು. ತಪ್ಪೊಪ್ಪಿಕೊಳ್ಳಲು ಹೋದವಳು ಆ ಸಮಾಧಾನವನ್ನೂ ಕಿತ್ತುಕೊಂಡು ಬಂದೆ.

ಅವಳು ಬೈಯಲಿಲ್ಲ. ಆರಿಸಿದ ದ್ರಾಕ್ಷಿಯನ್ನು ತಿರುಗಿ ರಾಶಿಗೇ ಸುರಿದಳು. "ನಿಮಗ ಹೆಸರು ಬೇಕಿತ್ತು ಸುಮಕ್ಕ, ಮಾಡಿದ್ರಿ. ಅದನ್ನ ನಾ ಮರೀಬಹುದು. ಆದ್ರ ನೀವು ಅಂದ್ರಿ, ಶಾರಿ ನಂಬಿದ್ಲು. ಒಂದ ಮಾತು ನನ್ನ ಕೇಳಲಿಲ್ಲಲ್ರಿ ಆಕಿ?"

ಆ ಮಾತನ್ನು ನಿಮ್ಮಿಂದ ಮುಚ್ಚಿಡಬಹುದಿತ್ತು. ಒಂದು ಮುಚ್ಚಿಟ್ಟದ್ದು ಸಾಕು. ನನ್ನನ್ನು ಮನೆಯೊಳಗೆ ಕರೆಯದಿದ್ದರೂ ನಡೆಯುತ್ತದೆ, ಕ್ಷಮಿಸಿ ಎಂದು ಕೇಳುವ ಮೋರೆಯೂ ನನಗಿಲ್ಲ. ಆದರೆ ಅವಳು ಕೇಳಿದ್ದಕ್ಕೆ ಉತ್ತರ ಕೊಡಬೇಕಾದವರು ನೀವು. ಹೋಗಿ ಕೊಡಿ ವೈನಿ — ಹಿತ್ತಲಿಂದ ಬೇಡ, ಮುಂಬಾಗಿಲಿಂದಲೇ ಹೋಗಿ.