ಕಾಪಿಯಾಗದ ಕ್ಯಾಸೆಟ್ಟು

ಹಿಂದೂಪುರದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಹೃದಯ ಬರೆದೂ ಬರೆದೂ ನನಗೇ ಬೇಸರ ಬಂದಿತ್ತು. ಸೀಮೆಸುಣ್ಣದ ಹೃದಯ ಬಡಿಯುತ್ತದೆಯೇ? ಬೆಂಗಳೂರಿನ ಗೆಳತಿಯಿಂದ ವಿದೇಶದ ಪಾಠದ ಕ್ಯಾಸೆಟ್ಟು ತಂದೆ. ಬಡಿಯುವ ಹೃದಯದ ತುಣುಕೊಂದನ್ನು ಮಾತ್ರ ಇಳಿಸಿಕೊಡು ಎಂದು ವಿಡಿಯೋ ಅಂಗಡಿಯವನಿಗೆ ಕೊಟ್ಟೆ. ಮಗ್ಗ ಮಾರಿ ಕ್ಯಾಸೆಟ್ಟು ಹಾಕುವ ಡೆಕ್ಕು ಕೊಂಡವನು ಅವನು. ಎರಡು ಡೆಕ್ಕು ಜೋಡಿಸಿ ಕಾಪಿ ಮಾಡಿ, ತಲೆ ಕೆರೆದುಕೊಂಡ.

"ಕಾಪಿ ಆಗದಂಗೆ ಏನೋ ಇಕ್ಕವ್ರೆ ಮೇಡಂ. ಪಿಚ್ಚರು ಒಂದ್ಸಲ ಕಪ್ಪಗಾಯ್ತದೆ, ಒಂದ್ಸಲ ಕಣ್ಣು ಕುಕ್ತದೆ. ಬ್ಯಾಡ ಬಿಡಿ."

"ಎರಡು ನಿಮಿಷಕ್ಕೆ ಏನಾಗ್ಬಿಡುತ್ತೆ, ಕೊಡಪ್ಪ" ಎಂದೆ. ಒರಿಜಿನಲ್ಲು ಆ ಸಂಜೆಯ ರೈಲಿಗೇ ವಾಪಸು ಹೋಗಬೇಕಿತ್ತು.

ಅದೇ ವಾರ ವಿದ್ಯಾರ್ಥಿನಿಯೊಬ್ಬಳ ತಾಯಿ ಮನೆಗೆ ಬಂದು ಬಾಗಿಲು ಹಾಕಿಸಿದಳು. "ಮಗೀಗೆ ಮೂರ್ಛೆ ಬತ್ತದೆ ಕಣಮ್ಮ. ಪರಿಗಿ ಕಡೆ ಸಂಬಂಧ ಕುದುರೈತೆ. ಹುಡುಗನ ತಂಗೀನೂ ನಿಮ್ಮ ಕ್ಲಾಸಲ್ಲೇ ಅವ್ಳೆ. ಅವ್ಳ ಕಣ್ಣಿಗೆ ಬಿತ್ತೋ, ಮದ್ವೆ ನಿಂತೋಯ್ತದೆ." ನನಗೆ ರೇಗಿತು. ಮುಚ್ಚಿಟ್ಟು ಮದುವೆ ಮಾಡುವುದೇ? ಆದರೂ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಕಳಿಸಿದೆ. ಮಿಣುಕುವ ಬೆಳಕಿಗೂ ಮೂರ್ಛೆ ಬರಬಹುದೆಂದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಕ್ಲಾಸಿನ ಕಿಟಕಿಗಳಿಗೆ ಜಮಖಾನ ಕಟ್ಟಿ ಟಿವಿ ಹಾಕಿದೆವು. ಹೃದಯ ಬಂತು. ಕಪ್ಪಾಯಿತು, ಗೆರೆಗೆರೆಯಾಗಿ ಉರುಳಿತು, ಫಕ್ಕನೆ ಬೆಳಗಿತು, ಮತ್ತೆ ಕಪ್ಪಾಯಿತು.

"ಮೇಡಂ, ಇದಕ್ಕೇ ಹಾರ್ಟ್ ಅಟ್ಯಾಕ್ ಆಗೈತೆ!" ಎಂದು ಯಾರೋ ಕಿಸಕ್ಕೆಂದರು. ನಾನೂ ನಕ್ಕೆ. ಆ ತಾಯಿಯ ಮಗಳು ಮಾತ್ರ ನಗುತ್ತಿರಲಿಲ್ಲ. ರೆಪ್ಪೆ ಬಡಿಯದೆ ನೋಡುತ್ತಿದ್ದಳು, ತುಟಿಯ ಒಂದು ಕೊನೆ ಸೆಳೆಯತೊಡಗಿತ್ತು. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಬೆಂಚು ಮಗುಚಿಕೊಂಡಿತು.

"ತಾಳಾಲು! ತಾಳಾಲು ಇವ್ವಂಡೇ!" ಬೀಗದ ಕೈ ಕೊಡಿರೇ ಎಂದು ತೆಲುಗಿನಲ್ಲಿ ಒಬ್ಬಳು ಕಿರುಚಿದಳು. ಮೂರ್ಛೆ ಬಂದವರ ಕೈಗೆ ಬೀಗದ ಕೈ ಹಿಡಿಸುವುದು ನಮ್ಮ ಕಡೆಯ ವಾಡಿಕೆ. ಎಲ್ಲರಿಗಿಂತ ಮೊದಲು ಪಕ್ಕದಲ್ಲಿ ಕೂತವಳು ಹುಡುಗನ ತಂಗಿ. ಅಯ್ಯೋ, ಮುಗಿಯಿತು ಎಂದುಕೊಂಡೆ.

ಅವಳು ಬೆದರಲೇ ಇಲ್ಲ. ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಮೆತ್ತಗೆ ಸೆರಗು ಇಟ್ಟು, ತನ್ನ ಚೀಲದಿಂದ ಬೀಗವೇ ಇಲ್ಲದ ಹಳೆಯ ಕೀಲಿಯೊಂದನ್ನು ತೆಗೆದು ಅಂಗೈಗೆ ಒತ್ತಿದಳು. ಸುತ್ತ ನಿಂತವರಿಗೆ, "ಏನಿಲ್ಲ, ಉಪವಾಸ ಇದ್ಲು, ತಲೆ ತಿರುಗೈತೆ, ನಡೀರಿ" ಎಂದು ಗದರಿದಳು.

ಎಲ್ಲರೂ ಹೊರಗೆ ಹೋದ ಮೇಲೆ ಕೇಳಿದೆ: "ಇದೆಲ್ಲ ಎಲ್ಲಿ ಕಲಿತೆಯೇ?"

ಅವಳ ಮುಖ ಬಿಳಿಚಿಕೊಂಡಿತು. "ನಮ್ಮಣ್ಣಂಗೂ ಬತ್ತದೆ ಮೇಡಂ. ಇವ್ಳ ಮನೇವ್ರಿಗೆ ತಿಳಿದ್ರೆ ಹೆಣ್ಣು ಕೊಡಾಕಿಲ್ಲ."

ಮದುವೆ ನಡೆಯಿತು. ನಾನೂ ಹೋಗಿ ಅಕ್ಷತೆ ಹಾಕಿದೆ, ಹೆದರಿಕೊಂಡೇ ಹಾಕಿದೆ. ಮುಹೂರ್ತಕ್ಕೆ ವಿಡಿಯೋದವನು ದೊಡ್ಡ ಲೈಟು ಹೊತ್ತಿಸಿದ. ಮಂಟಪದ ಆಚೆಗೊಬ್ಬಳು, ಈಚೆಗೊಬ್ಬಳು ನಿಂತಿದ್ದ ತಾಯಂದಿರು ಒಬ್ಬರನ್ನೊಬ್ಬರು ನೋಡಲಿಲ್ಲ. ಉಸಿರು ಬಿಗಿಹಿಡಿದು ತಂತಮ್ಮ ಮಗುವಿನ ಮುಖವನ್ನೇ ನೋಡುತ್ತಿದ್ದರು.