ಕಿವಿ ಮಾಸ್ತರನ ಕೆಂಪು ಚುಕ್ಕಿ

ಅವನನ್ನು ಎಲ್ಲರೂ ಕಿವಿ ಮಾಸ್ತರ ಎಂದೇ ಕರೆಯುತ್ತಿದ್ದರು. ಯಾರಿಗೂ ಪಾಠ ಹೇಳಿದವನಲ್ಲ. ಇನ್ನೊಬ್ಬರಿಂದ ಹೇಳಿಸಿಕೊಳ್ಳುವ ಜಾಯಮಾನವಂತೂ ಮೊದಲೇ ಅಲ್ಲ. ರಸ್ತೆಗೆ ಬಾಗಿಲು ತೆರೆಯುವ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹೆಡ್‌ಫೋನಿಗೆ ಜೋಡಿಸಿ ಹಾಡು ಕೇಳುವ ಪುಟ್ಟ ಆಂಪ್ಲಿಫೈಯರ್ ಡಬ್ಬಿಗಳನ್ನು ಜನ ಅಲ್ಲಿಗೆ ಹೊತ್ತು ತರುತ್ತಿದ್ದರು. ಕೆಟ್ಟುಹೋದವನ್ನಲ್ಲ, ನೆಟ್ಟಗಿದ್ದವನ್ನು! ಹಾಡಿನ ಹುಚ್ಚು ಹಿಡಿದವರಿಗೆ ಬುದ್ಧಿ ಹೇಳುವವರು ಯಾರು? ಅವರಿಗೆ ಬೇಕಾಗಿದ್ದುದು ಒಂದೇ: ಕಿವಿ ಮಾಸ್ತರ ಕೇಳಿ ನೋಡಿ ಒಳಗಿನ ಐಸಿ ಬದಲಾಯಿಸಬೇಕು.

ಆ ಐಸಿಗೆ ಆಪ್ ಆಂಪ್ ಎಂದು ಹೆಸರು. ಉಗುರಿನಷ್ಟು ಅಗಲ, ಕಪ್ಪು ಮೈ, ಎಂಟು ಕಾಲು. ಸಾಕೆಟ್ಟಿನಿಂದ ಒಂದನ್ನು ಮೆಲ್ಲಗೆ ಎಬ್ಬಿಸಿ ಇನ್ನೊಂದನ್ನು ಕೂರಿಸಿದರೆ ಅದೇ ಹಾಡು ಬೇರೆ ಥರ ಕೇಳುತ್ತದೆ. ಒಂದರಲ್ಲಿ ದನಿ ಕಂಬಳಿ ಹೊದ್ದಂತೆ ಮಂಕು. ಇನ್ನೊಂದರಲ್ಲಿ ತಂತಿಯ ಮೀಟು ಫಳ್ಳನೆ ಎದ್ದು ಬರುತ್ತದೆ. ಇದಕ್ಕೆ ಮಾಸ್ತರ ‘ಹೊಳಪು’ ಎನ್ನುತ್ತಿದ್ದ. ಒಂದಾದ ಮೇಲೊಂದು ಹಾಕಿ, ತೆಗೆದು, ಕಣ್ಣು ಮುಚ್ಚಿ ಕೇಳಿ, “ಹಾಂ, ಈಗ ಬಂತು ಹೊಳಪು” ಎಂದನೆಂದರೆ ಮುಗಿಯಿತು. ಆ ಐಸಿಯ ಬೆನ್ನಿಗೆ ಹೆಂಡತಿಯ ಉಗುರುಬಣ್ಣದ ಹಳೆ ಸೀಸೆಯಿಂದ ಒಂದು ಕೆಂಪು ಚುಕ್ಕಿ ಇಡುತ್ತಿದ್ದ. ಚುಕ್ಕಿ ಬಿದ್ದ ಮೇಲೆ ದೇವರೇ ಬಂದು ಹೇಳಿದರೂ ಅದನ್ನು ಮುಟ್ಟುವಂತಿಲ್ಲ.

ತಮ್ಮನಿಗೂ ಅಲ್ಲೇ ಕೆಲಸ. ಬೆಸುಗೆ ಹಾಕುವುದು, ಡಬ್ಬಿ ಮುಚ್ಚಿ ಪಾರ್ಸೆಲ್ ಕಟ್ಟುವುದು ಅವನ ಪಾಲು. ಕೇಳುವುದು ಅಣ್ಣನ ಪಾಲು. “ದೇವರು ನಿನಗೆ ಕಿವಿ ಕೊಟ್ಟಿರೋದು ಕನ್ನಡಕ ಸಿಕ್ಕಿಸೋಕೆ ಕಣೋ” ಎಂದು ಗಿರಾಕಿಗಳ ಎದುರೇ ಅಣ್ಣ ಅವನ ಕಾಲೆಳೆಯುತ್ತಿದ್ದ. ತಮ್ಮ ನಗುತ್ತಿದ್ದ. ನಗದೆ ಏನು ಮಾಡಿಯಾನು, ಅನ್ನ ಕೊಡುವ ಅಣ್ಣ!

ಈಚೆಗೆ ಮಾಸ್ತರನದು ಒಂದೇ ಗೋಳು. “ಈಗಿನ ಐಸಿಗಳಲ್ಲಿ ಸತ್ವವೇ ಇಲ್ಲ. ಯಾವುದು ಹಾಕಿದ್ರೂ ಮಂಕು.” ಹಿಂದೆ ‘ಇದು ಕಿವಿ ಕೊಯ್ಯತ್ತೆ’ ಎಂದು ತಾನೇ ಮೂಲೆಗೆ ಎಸೆದಿದ್ದ ಚೂಪು ದನಿಯ ಐಸಿಗಳನ್ನು ಈಗ ಹೆಕ್ಕಿ ಹೆಕ್ಕಿ ಹಾಕತೊಡಗಿದ. ಆಗ ಎಲ್ಲೋ ಒಂದಿಷ್ಟು ಹೊಳಪು ಬಂದಂತಾಗುತ್ತಿತ್ತು.

ಒಳಗಿನಿಂದ ಹೆಂಡತಿ, “ರೀ, ಆಗ್ಲಿಂದ ಫ್ರಿಜ್ ಬಾಗ್ಲು ತೆರ್ಕೊಂಡು ಕುಂಯ್ ಕುಂಯ್ ಅಂತಿದೆ. ಪಕ್ಕದಲ್ಲೇ ಇದೀರಲ್ಲ, ಮುಚ್ಚಬಾರ್ದಾ?” ಎನ್ನುತ್ತಿದ್ದಳು. “ನನಗೇನು ಬೇರೆ ಕೆಲಸ ಇಲ್ವಾ?” ಎಂದು ಇವನು ರೇಗುತ್ತಿದ್ದ. “ಜಾಣ ಕಿವುಡು” ಎಂದು ಅವಳು ಗೊಣಗುವಳು. ಬರಬರುತ್ತ ಗೊಣಗುವುದನ್ನೂ ಬಿಟ್ಟಳು. ತಾನೇ ಬಂದು ಬಾಗಿಲು ಮುಚ್ಚಿ, ಇವನನ್ನೊಮ್ಮೆ ನೋಡಿ ಹೋಗುತ್ತಿದ್ದಳು. ಆ ನೋಟ ಯಾಕೋ ಮಾಸ್ತರನಿಗೆ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಮ್ಮ ಪಾರ್ಸೆಲ್ ಕೊಡಲು ಹೋಗಿದ್ದಾಗ ಹಳೆ ಗಿರಾಕಿ ಟೈಲರ್ ತನ್ನ ಡಬ್ಬಿ ಹಿಡಿದುಕೊಂಡು ಬಂದ.

“ಮಾಸ್ತ್ರೇ, ಹೆಡ್‌ಫೋನ್ ಪಿನ್ನು ಸಿಕ್ಕಿಸೋ ತೂತು ಸಡಿಲ ಆಗಿದೆ, ಅದೊಂದು ಬಿಗಿ ಮಾಡಿ. ಸೌಂಡ್ ಮಾತ್ರ ಮುಟ್ಟಬೇಡಿ, ನಿಮ್ಮ ಕೈ ಮುಗೀತೀನಿ. ಏನು ಮೆತ್ತಗೆ, ಏನು ಹಿತ! ದಿನವಿಡೀ ಮೆಷಿನ್ ತುಳೀತಾ ಕೇಳಿದ್ರೂ ಕಿವಿ ನೋಯಲ್ಲ. ಸಂಜೆ ಬರ್ತೀನಿ.”

ಮೆತ್ತಗೆ? ಅವನು ಅತ್ತ ಹೋದದ್ದೇ ಮಾಸ್ತರ ಡಬ್ಬಿಯ ಮುಚ್ಚಳ ಬಿಚ್ಚಿದ. ಇದಕ್ಕೆ ತಾನು ಕೂರಿಸಿದ್ದು ಇದ್ದುದರಲ್ಲೇ ಅತಿ ಚೂಪಿನ ಐಸಿ, ಚೆನ್ನಾಗಿ ನೆನಪಿತ್ತು. ಈಗ ಅಲ್ಲಿ ಕೂತಿದ್ದುದು ಬೇರೆ ಐಸಿ, ಬೇರೆ ನಂಬರು. ಅದರ ಬೆನ್ನ ಮೇಲೂ ಚುಕ್ಕಿ! ಆದರೆ ಮೇಜಿನ ಮೇಲಿನ ಸೀಸೆಯದು ಅಚ್ಚ ಕೆಂಪು, ಈ ಚುಕ್ಕಿ ನೇರಳೆಗೆ ತಿರುಗಿದ ಕೆಂಪು. ಬೆಳಿಗ್ಗೆ ಟೀ ಲೋಟ ತಂದಿಟ್ಟ ಬೆರಳುಗಳ ಉಗುರಿಗೂ ಇದೇ ಬಣ್ಣ ಇತ್ತು.

ಕಳಿಸಲು ಕಟ್ಟಿಟ್ಟಿದ್ದ ಡಬ್ಬಿಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಿದ. ಯಾವುದರಲ್ಲೂ ಅವನು ಹಾಕಿದ ಐಸಿ ಇರಲಿಲ್ಲ. ಎಲ್ಲದರಲ್ಲೂ ಆ ನೇರಳೆಗೆಂಪು ಚುಕ್ಕಿ.

ಅಯ್ಯೋ, ಕಿವಿ ಮಾಸ್ತರನ ಕಿವಿಗೇ ಹೂ! ಅವನ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚಿಗೆ ನನ್ನ ಕೆಲಸ ಹಾಳು ಮಾಡುತ್ತಿದ್ದಾನೆ ತಮ್ಮ, ಅವನಿಗೆ ಸೀಸೆ ಎತ್ತಿಕೊಡುತ್ತಿದ್ದಾಳೆ ಇವಳು. ಇಲ್ಲವೇ ನನ್ನ ಕಿವಿಯೇ... ಆ ‘ಇಲ್ಲವೇ’ಯ ಮುಂದಕ್ಕೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ತಮ್ಮನ ಚಪ್ಪಲಿ ಸದ್ದಾಯಿತು. ಮಾಸ್ತರ ಟೈಲರ್‌ನ ಡಬ್ಬಿಯಿಂದ ಐಸಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡ. ಖಾಲಿ ಸಾಕೆಟ್ಟಿನ ಮೇಲೆ ಮುಚ್ಚಳ ಒತ್ತಿ ಸ್ವಿಚ್ ಹಾಕಿದ. ದೀಪವೇನೋ ಹತ್ತಿತು. ಐಸಿ ಇಲ್ಲದ ಮೇಲೆ ಹಾಡು ಎಲ್ಲಿಂದ ಬರಬೇಕು? ಅವನು ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ, ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ತಲೆದೂಗಿದ.

“ಆಹಾ! ಬಂತು ನೋಡು ಹೊಳಪು. ತಗೋ, ಕೇಳು.”

ತಮ್ಮ ಹೆಡ್‌ಫೋನ್ ಹಾಕಿಕೊಂಡ. ದನಿ ಏರಿಸುವ ಗುಂಡಿ ತಿರುಗಿಸಿದ. ಪಿನ್ನು ಒತ್ತಿ ನೋಡಿದ. ಆಮೇಲೆ, ಇನ್ನೂ ತಲೆದೂಗುತ್ತಲೇ ಇದ್ದ ಅಣ್ಣನನ್ನು ನೋಡಿದ. ಮುಖ ಬಿಳಿಚಿಕೊಂಡಿತು. ಒಳಬಾಗಿಲಲ್ಲಿ ಬಂದು ನಿಂತಿದ್ದ ಅತ್ತಿಗೆಯ ಕಡೆ ಒಮ್ಮೆ ಕಣ್ಣು ಹೊರಳಿಸಿದ.

“ಬಂತಣ್ಣ” ಎಂದ. “ಚೆನ್ನಾಗಿ ಬಂತು ಹೊಳಪು.”

ಮಾಸ್ತರ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಐಸಿ ಎಂಟೂ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು.

“ಎಲ್ಲಿಂದ ಬಂತೋ?”

ಹೆಂಡತಿಯೇ ಮುಂದೆ ಬಂದಳು.

“ಅವನನ್ನ ಬೈಬೇಡಿ ರೀ. ನೀವು ಮಾಡಿಕೊಟ್ಟಿದ್ದು ಒಂದೊಂದೇ ವಾಪಸ್ ಬರ್ತಿತ್ತು, ಕಿವಿ ಕೊಯ್ಯತ್ತೆ ಅಂತ. ನಿಮ್ಮ ಮರ್ಯಾದೆ ಹೋಗಬಾರ್ದು ಅಂತ ಅವನು ಬೀದೀಲೇ ಇಸ್ಕೊಂಡು ಸರಿ ಮಾಡಿ ಕೊಡ್ತಿದ್ದ. ಆಮೇಲೆ ಕಳಿಸೋಕೆ ಮುಂಚೇನೇ ಬದಲಾಯಿಸೋಕೆ ಶುರು ಮಾಡಿದ. ಬಣ್ಣ ಕೊಟ್ಟಿದ್ದು ನಾನೇ.”

“ನನಗೆ ಹೇಳೋಕೆ ಏನಾಗಿತ್ತು ನಿಮಗೆ ದಾಡಿ?”

“ಹೇಳಿದ್ರೆ ನೀನು ಕೇಳ್ತಿದ್ಯೇನಣ್ಣ?” ಎಂದುಬಿಟ್ಟ ತಮ್ಮ.

ಎಂದವನೇ ನಾಲಿಗೆ ಕಚ್ಚಿಕೊಂಡ. ಅವನು ಹೇಳಹೊರಟಿದ್ದು ಅಣ್ಣನ ಹಟದ ಮಾತು. ಆದರೆ ಬಾಯಿ ದಾಟಿದ ಮಾತು ಬೇರೆ ಕಡೆಯೇ ಹೋಗಿ ನೆಟ್ಟಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬೇರೆ ದಿನವಾಗಿದ್ದರೆ ಮಾಸ್ತರ ಕೈಯೆತ್ತುತ್ತಿದ್ದ. ಇಂದು ಎತ್ತಲು ಯಾವ ಮುಖವಿತ್ತು? ಮೋಸ ಹೋದದ್ದಕ್ಕಿಂತ ಅವನನ್ನು ಕೊರೆದದ್ದು ಟೈಲರ್‌ನ ಮಾತು. ಏನು ಹಿತ, ಎಂದಿದ್ದನಲ್ಲ. ಆ ಹಿತವನ್ನು ಆರಿಸಿದ್ದು ಕನ್ನಡಕ ಸಿಕ್ಕಿಸುವ ಆ ಕಿವಿ! ಇಷ್ಟು ದಿನ ತಾನು ಕಣ್ಣು ಮುಚ್ಚಿ ತಲೆದೂಗುವಾಗಲೆಲ್ಲ ಇಬ್ಬರೂ ಹೀಗೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಥೂ, ಇದೂ ಒಂದು ಬಾಳೇ ಎನಿಸಿತು. ಐಸಿಯನ್ನು ತಮ್ಮನತ್ತ ತಳ್ಳಿ, “ಕೂರಿಸು” ಎಂದ. ತಮ್ಮ ಕೂರಿಸಿ, ತೂತಿನ ಬೆಸುಗೆ ಬಿಗಿ ಮಾಡಿ, ಮುಚ್ಚಳ ಹಾಕಿದ.

ಸಂಜೆ ಟೈಲರ್ ಬಂದ. ಅಂಗಡಿಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಮುಖ ಅರಳಿತು.

“ಅಬ್ಬಾ! ಏನೇ ಅನ್ನಿ ಮಾಸ್ತ್ರೇ, ನಿಮ್ಮ ಕಿವಿಗೆ ಸಾಟಿ ಇಲ್ಲ ಬಿಡಿ.”

ತಮ್ಮ ತಲೆಯೆತ್ತಲಿಲ್ಲ, ದಾರ ಸುತ್ತುತ್ತಲೇ ಇದ್ದ. ಈಗಲಾದರೂ ಒಂದು ಮಾತು ಹೇಳಬಹುದಿತ್ತು. ‘ನನ್ನದಲ್ಲ, ಇವನದು’, ಅಷ್ಟೇ. ಮಾಸ್ತರ ಗಂಟಲು ಸರಿಮಾಡಿಕೊಂಡ.

“ಹೂಂ” ಎಂದ.

ಟೈಲರ್ ಮೆಟ್ಟಿಲಿಳಿದು ಹೋಗುತ್ತ ಎದುರಿಗೆ ಸಿಕ್ಕವರ್ಯಾರಿಗೋ ಅದನ್ನೇ ಮತ್ತೊಮ್ಮೆ ಹೇಳುತ್ತಿದ್ದ. ಆ ಹೊಗಳಿಕೆಯ ಒಂದೊಂದು ಅಕ್ಷರವೂ ಮಾಸ್ತರನಿಗೆ ಸ್ಪಷ್ಟವಾಗಿ ಕೇಳಿಸಿತು.